ಏಳು ಗೆರೆಯ ನಟ್ಟು

ಆಗ ನನಗೆ ಇಪ್ಪತ್ತು ವರ್ಷ. ಈಗ ಎಂಬತ್ತೆರಡು. ನಡುವೆ ಅರವತ್ತೆರಡು ವರ್ಷ ಹೋದವು. ನಾನು ಓದಿದ್ದು ಎರಡನೆಯ ಇಯತ್ತೆಯವರೆಗೆ. ಅಕ್ಷರ ದೊಡ್ಡದಾಗಿ ಬರೆಯುತ್ತೇನೆ, ಒತ್ತಕ್ಷರ ತಪ್ಪುತ್ತೇನೆ, ತಿದ್ದುವವರು ತಿದ್ದಿಕೊಳ್ಳಲಿ. ಆದರೆ ಬ್ರೇಕಿನ ವಿಷಯದಲ್ಲಿ ನಾನು ಹೇಳಿದ್ದನ್ನು ಯಾರೂ ತಿದ್ದಬೇಕಾಗಿಲ್ಲ.

ಯುದ್ಧದ ಕಾಲ ಅದು. ಪೆಟ್ರೋಲು ಸಿಗುತ್ತಿರಲಿಲ್ಲ. ಬಸ್ಸಿನ ಬೆನ್ನಿಗೆ ಇದ್ದಲಿಯ ದೊಡ್ಡ ಒಲೆ ಕಟ್ಟಿ ಅದರ ಹೊಗೆಯಿಂದ ಓಡಿಸುತ್ತಿದ್ದರು. ಅಪ್ಪ ಶಿಗ್ಗಾಂವಿಯಲ್ಲಿ ಮೋಟಾರು ಮಿಸ್ತ್ರಿ. ನಮ್ಮ ಮೂಲ ಹಿರೇಬೆಂಡಿಗೇರಿ. ಹೊಲ ನೋಡಿಕೊಳ್ಳಲು ಅಲ್ಲಿ ದೊಡ್ಡಪ್ಪ ಇದ್ದ. ಅಪ್ಪನಿಗೆ ಎತ್ತಿನ ಹಿಂದೆ ನಡೆಯುವುದು ಸೇರಲಿಲ್ಲ. ಚಿಕ್ಕವನಿದ್ದಾಗಲೇ ಹುಬ್ಬಳ್ಳಿಗೆ ಹೋಗಿ ನಟ್ಟು ತಿರುವುವ ಪಾನಾ ಹಿಡಿಯುವುದನ್ನು ಕಲಿತು ಬಂದು ರಸ್ತೆಯ ಮಗ್ಗುಲಿಗೆ ತಗಡಿನ ಶೆಡ್ಡು ಹಾಕಿದ. ಅವ್ವ ತೀರಿಕೊಂಡಿದ್ದಳು. ನಾನು ಗಂಡನ ಮನೆ ಬಿಟ್ಟು ಬಂದು ಮೂರು ವರ್ಷವಾಗಿತ್ತು. ಯಾಕೆ ಬಿಟ್ಟೆ ಎಂಬುದಕ್ಕೂ ಬ್ರೇಕಿಗೂ ಸಂಬಂಧವಿಲ್ಲ, ಆದ್ದರಿಂದ ಇಲ್ಲಿ ಬರೆಯುವುದಿಲ್ಲ.

ಶೆಡ್ಡಿನ ಅನ್ನ ಒಬ್ಬ ಸಾವಕಾರನ ಎರಡು ಬಸ್ಸಿನಿಂದ ಬರುತ್ತಿತ್ತು. ಸಾವಕಾರ ಹಾನಗಲ್ಲಿನವನು. ಒಂದು ಬಸ್ಸು ಮುಂಜಾನೆ ಹಾನಗಲ್ಲಿನಿಂದ ಹೊರಟು ಶಿಗ್ಗಾಂವಿ, ಸವಣೂರು ದಾಟಿ ಯಲವಿಗಿ ಸ್ಟೇಷನ್ನಿಗೆ ಜನರನ್ನು ಮುಟ್ಟಿಸಿ ಮಧ್ಯಾಹ್ನ ತಿರುಗಿ ಬರುತ್ತಿತ್ತು. ಇನ್ನೊಂದು ಹಿರೇಕೆರೂರಿಗೂ ಹಾನಗಲ್ಲಿಗೂ ನಡುವೆ ಓಡುತ್ತಿತ್ತು. ಎರಡೂ ಅಮೆರಿಕದ ಗಾಡಿಗಳು. ಬ್ರೇಕಿಗೆ ಸರಳು, ತಂತಿ ಇಲ್ಲ. ತಾಮ್ರದ ನಳಿಗೆಯೊಳಗೆ ಎಣ್ಣೆ. ಕಾಲಲ್ಲಿ ಒತ್ತಿದರೆ ಎಣ್ಣೆ ಹೋಗಿ ಗಾಲಿಯನ್ನು ಹಿಡಿಯಬೇಕು. ನಳಿಗೆ ಎಲ್ಲಿಯಾದರೂ ಒಂದು ಕಡೆ ಸೋರಿದರೆ ನಾಲ್ಕೂ ಗಾಲಿಯ ಬ್ರೇಕು ಹೋಯಿತು ಎಂದೇ ತಿಳಿಯಬೇಕು.

ಆ ವರ್ಷ ಅಪ್ಪನ ಕಣ್ಣಿಗೆ ಪೊರೆ ಬಂದಿತ್ತು. ಎದುರಿಗೆ ಬಂದವರು ಯಾರು ಎಂಬುದು ದನಿ ಕೇಳಿದ ಮೇಲೆ ಅವನಿಗೆ ಗೊತ್ತಾಗುತ್ತಿತ್ತು. ಇದು ನಮ್ಮಿಬ್ಬರಿಗೆ ಬಿಟ್ಟರೆ ಯಾರಿಗೂ ತಿಳಿದಿರಲಿಲ್ಲ. ಹುಬ್ಬಳ್ಳಿಯ ಒಬ್ಬ ಹೊಸ ಮಿಸ್ತ್ರಿ ಸಾವಕಾರನ ಮನೆಗೆ ಎರಡು ಸಲ ಹೋಗಿ ಬಂದಿದ್ದ. ಕಣ್ಣಿನ ಸುದ್ದಿ ಹೊರಬಿದ್ದರೆ ಎರಡೂ ಬಸ್ಸು ಅವನ ಪಾಲಾಗುತ್ತಿದ್ದವು, ನಾವು ಹಿರೇಬೆಂಡಿಗೇರಿಗೆ ಹೋಗಿ ದೊಡ್ಡಪ್ಪನ ಹೊಲದಲ್ಲಿ ಕಳೆ ತೆಗೆಯಬೇಕಾಗುತ್ತಿತ್ತು. ಅದಕ್ಕೇ ನಾನು ಅಪ್ಪನ ಮಗ್ಗುಲಲ್ಲಿ ಕುಳಿತು ಸಾಮಾನು ಕೊಡುತ್ತಿದ್ದೆ. ನೋಡಿದವರು, ಗಂಡ ಬಿಟ್ಟವಳಿಗೆ ಮನೆಯಲ್ಲಿ ಹೊತ್ತು ಹೋಗುವುದಿಲ್ಲ ಎಂದುಕೊಂಡರು. ಅಂದುಕೊಳ್ಳಲಿ ಎಂದು ನಾನೂ ಸುಮ್ಮನಿದ್ದೆ.

ಬ್ರೇಕಿನ ನಳಿಗೆಯ ತುದಿಗೆ ಒಂದು ಹಿತ್ತಾಳೆಯ ನಟ್ಟು ಇರುತ್ತದೆ, ತಿರುಪಿನ ಎಳೆ ಅದರ ಹೊರಮೈಯಲ್ಲಿ. ಯುದ್ಧದಲ್ಲಿ ಹೊಸದು ಸಿಗದು. ಹಿರೇಕೆರೂರಿನಲ್ಲಿ ಒಂದು ವಿಲಾಯತಿ ಕಾರು ಸತ್ತು ಬಿದ್ದಿತ್ತು. ಸಾವಕಾರ ಅದರ ಸಾಮಾನನ್ನೆಲ್ಲ ಬಿಚ್ಚಿಸಿ ಒಂದು ಗೋಣಿಯಲ್ಲಿ ನಮ್ಮ ಶೆಡ್ಡಿಗೆ ಹಾಕಿಸಿದ್ದ. ಅಲ್ಲಿಂದ ಶುರುವಾಯಿತು ತಕರಾರು. ವಿಲಾಯತಿಯ ನಟ್ಟೂ ಅಮೆರಿಕದ ನಟ್ಟೂ ಒಂದೇ ದಪ್ಪ. ಕೈಯಲ್ಲಿ ಹಿಡಿದರೆ ಅಣ್ಣ ತಮ್ಮ. ಆದರೆ ಎಳೆ ಬೇರೆ. ಒಂದರ ತೂತಿನಲ್ಲಿ ಇನ್ನೊಂದನ್ನು ತಿರುವಿದರೆ ಎರಡು ಸುತ್ತು ಒಳಗೆ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. ಬಿಗಿಯಾಯಿತು ಎಂದು ಮಿಸ್ತ್ರಿ ಖುಷಿಪಡುತ್ತಾನೆ. ಬಿಗಿಯಾದದ್ದು ಎಳೆ ಮಾತ್ರ. ನಳಿಗೆಯ ಬಾಯಿ ಇನ್ನೂ ತಳ ಮುಟ್ಟಿರುವುದಿಲ್ಲ. ನೀರಿನ ಪಂಪಿನ ಪೈಪಿಗಾದರೆ ಎಳೆಗೆ ಸಣಬು ಸುತ್ತಿ ಸೋರುವುದನ್ನು ನಿಲ್ಲಿಸಬಹುದು. ಬ್ರೇಕಿನಲ್ಲಿ ಎಣ್ಣೆಯನ್ನು ತಡೆಯುವುದು ಎಳೆಯಲ್ಲ, ಬಾಯಿ. ಇದನ್ನು ತಿಳಿಯದೆ ಸಣಬು ಸುತ್ತಿದ ಮಿಸ್ತ್ರಿಗಳನ್ನು ನಾನು ಕಂಡಿದ್ದೇನೆ.

ಬಾಯಿಯಲ್ಲೂ ಎರಡು ಜಾತಿ. ಅಮೆರಿಕದ ನಳಿಗೆಯ ಬಾಯಿ ಉಮ್ಮತ್ತಿ ಹೂವಿನ ಹಾಗೆ ಅರಳಿರುತ್ತದೆ. ವಿಲಾಯತಿಯದು ಅಣಬೆಯ ತಲೆಯ ಹಾಗೆ ಉಬ್ಬಿರುತ್ತದೆ. ಬಾಯಿಯನ್ನು ಅಪ್ಪ ಬೆರಳಿನಿಂದ ಗುರುತಿಸುತ್ತಿದ್ದ. ಎಳೆಯನ್ನು ಗುರುತಿಸಲು ಉಗುರು ಬೇಕು. ಅಪ್ಪನ ಉಗುರುಗಳು ಸುತ್ತಿಗೆಯ ಪೆಟ್ಟು ತಿಂದು ಸತ್ತಿದ್ದವು.

ಎಳೆಗೆ ಉಪಾಯ ಕಂಡುಹಿಡಿದವಳು ನಾನು. ಒಂದು ದಿನ ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ. ಅಪ್ಪ ಎರಡು ನಟ್ಟು ತಂದು, "ಇವು ಒಂದ ಅದಾವೇನ ನೋಡು" ಎಂದ. ಕೈಗೆ ಹಿಟ್ಟು ಮೆತ್ತಿತ್ತು. ಎರಡನ್ನೂ ಹಿಟ್ಟಿನ ಮುದ್ದೆಗೆ ಅಡ್ಡಡ್ಡ ಒತ್ತಿ ತೆಗೆದೆ. ಜೋಳದ ಹಿಟ್ಟು ಗಟ್ಟಿ ನಾದಿದ್ದರೆ ಗೆರೆ ಚೊಕ್ಕ ಮೂಡುತ್ತದೆ. ಒಂದೇ ಉದ್ದದಲ್ಲಿ ಒಂದರದು ಏಳು ಗೆರೆ ಮತ್ತು ಚೂರು. ಇನ್ನೊಂದರದು ಒಂಬತ್ತು. ಏಳು ವಿಲಾಯತಿ, ಒಂಬತ್ತು ಅಮೆರಿಕ. ಅಂದಿನಿಂದ ಹಿಟ್ಟಿಗೆ ಒತ್ತದೆ ಒಂದು ನಟ್ಟನ್ನೂ ನಾನು ಅಪ್ಪನ ಕೈಗೆ ಕೊಡಲಿಲ್ಲ.

ಒಮ್ಮೆ ದೊಡ್ಡಪ್ಪ ಮೆಣಸಿನಕಾಯಿ ಒಯ್ಯಲು ಬಾ ಎಂದು ಹೇಳಿ ಕಳಿಸಿದ. ಎರಡು ದಿನಕ್ಕೆಂದು ಹಿರೇಬೆಂಡಿಗೇರಿಗೆ ಹೋದೆ. ಮೂರನೆಯ ದಿನ ಹೊತ್ತು ನೆತ್ತಿಗೆ ಬರುವಾಗ ಚಕ್ಕಡಿಯಲ್ಲಿ ಶಿಗ್ಗಾಂವಿಗೆ ಬಂದು ಇಳಿದೆ. ಅಪ್ಪ ಶೆಡ್ಡಿನ ಬಾಗಿಲಲ್ಲಿ ಎಲೆ ಅಡಿಕೆ ಹಾಕಿಕೊಂಡು, ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದ.

"ಬಂದ್ಯಾ? ನೀ ಇಲ್ದಿದ್ರೂ ಶೆಡ್ ನಡದೈತಿ ನೋಡು," ಎಂದ. "ಮುಂಜಾನೆ ಹಾನಗಲ್ಲ ಬಸ್ಸು ಬಂತು. ಮುಂದಿನ ಎಡಗಾಲಿ ಕಡೆ ನಳಿಗಿ ನಟ್ ಸವದು ಹೋಗಿತ್ತು. ತುದಿ ಕತ್ತರಿಸಿ, ಬ್ಯಾರೆ ನಟ್ ಪೋಣಿಸಿ, ಹೊಸಾ ಬಾಯಿ ಅರಳಿಸಿ ಕೂಡಿಸೇನಿ. ಒಬ್ಬನ."

"ನಟ್ ಎಲ್ಲಿಂದ ತಗೊಂಡಿ?"

"ಡಬ್ಬಿಯಾಗಿಂದ. ಬಿಗಿ ಅಂದ್ರ ಏನ್ ಬಿಗಿ! ಪಾನಾದ ಮ್ಯಾಲೆ ಮೈಭಾರ ಹಾಕಿ ತಿರುವೇನಿ."

ಮೆಣಸಿನಕಾಯಿಯ ಚೀಲ ಇಳಿಸಿ ಒಳಗೆ ಹೋದೆ. ರೊಟ್ಟಿ ಬಡಿಯುವ ಹಲಗೆ ಗೋಡೆಯ ಮಾಡದಲ್ಲಿ ಇತ್ತು. ಅದರ ಮೇಲೆ ಒಣಗಿ ಬಿರುಕು ಬಿಟ್ಟ ಒಂದು ಹಿಟ್ಟಿನ ಉಂಡೆ. ಉಂಡೆಯಲ್ಲಿ ಸಿಕ್ಕಿಕೊಂಡು ಒಂದು ನಟ್ಟು. ಊರಿಗೆ ಹೋಗುವ ಗಡಿಬಿಡಿಯಲ್ಲಿ ಒತ್ತಿ ನೋಡಿ ಅಲ್ಲೇ ಬಿಟ್ಟಿದ್ದೆ. ಆ ಅಳತೆಯ ಅಮೆರಿಕದ ನಟ್ಟು ನಮ್ಮಲ್ಲಿ ಇದ್ದದ್ದು ಅದೊಂದೇ. ಡಬ್ಬಿಯಲ್ಲಿ ಉಳಿದವೆಲ್ಲ ಸತ್ತ ಕಾರಿನವು.

ಅಪ್ಪ ಹಾಕಿದ್ದು ಏಳು ಗೆರೆಯದು. ಅದರಲ್ಲಿ ಅನುಮಾನವೇ ಇರಲಿಲ್ಲ.

ಹೊರಗೆ ಬಂದು ಹೇಳಿದೆ. ಅಪ್ಪ ಬಾಯಲ್ಲಿದ್ದ ಎಲೆಯನ್ನು ಉಗುಳಿದ.

"ಹೋಗುವಾಗ ಬ್ರೇಕ್ ಚಲೋ ಹಿಡೀತಲ್ಲ?"

"ಹೊಸದಾಗಿ ಬಿಗಿದಾಗ ಹಿಡೀತೈತಿ. ಗಾಡಿ ನಡುಗಿ ನಡುಗಿ ಸಡಲ ಆಗ್ತೈತಿ. ಮುಂದ ಕೆರಿ ಏರಿ ಐತಿ."

ಶಿಗ್ಗಾಂವಿಯಿಂದ ಹಾನಗಲ್ಲಿಗೆ ಹೋಗುವ ದಾರಿಯಲ್ಲಿ ರಸ್ತೆ ಒಂದು ಕೆರೆಯ ಏರಿಯ ಮೇಲೆ ಹಾದು, ಕೊನೆಗೆ ಕೆಳಗಿಳಿದು ಒಮ್ಮೆಲೇ ತಿರುಗುತ್ತಿತ್ತು. ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ. ಅಲ್ಲಿ ಬ್ರೇಕು ಹಿಡಿಯದಿದ್ದರೆ ಕೈಬ್ರೇಕಿನಿಂದ ಆ ಗಾಡಿ ನಿಲ್ಲುವುದಿಲ್ಲ. ತಿರುಗಿ ಬರುವ ಬಸ್ಸಿನಲ್ಲಿ ಮೂವತ್ತು ಜನ ಇರುತ್ತಾರೆ.

ಅಪ್ಪ ಸಣ್ಣ ದನಿಯಲ್ಲಿ ಹೇಳಿದ: "ಇವತ್ತ ಸಾವಕಾರ ಬಸ್ಸಿನ್ಯಾಗ ಅದಾನ. ಬಸ್ಸು ಬಂದ ಕೂಡ್ಲೆ ಗಾಲಿ ನಟ್ ಬಿಗೀಬೇಕು ಅಂತ ಹೇಳೂಣು. ಆ ನೆವದಾಗ ಗಾಲಿ ಬಿಚ್ಚಿ ನೀ ಇದನ್ನ ಬದಲಿ ಮಾಡು. ಯಾರಿಗೂ ಗೊತ್ತಾಗೂದು ಬ್ಯಾಡ."

ನಾನು ಒಪ್ಪಿದೆ. ಈಗ ಬರೆಯುವಾಗ ಒಪ್ಪಲಿಲ್ಲ ಎಂದು ಬರೆದರೆ ಯಾರು ಕೇಳುವವರು? ಆದರೆ ಒಪ್ಪಿದೆ.

ಬಸ್ಸು ಬಂತು. ಡ್ರೈವರ್ ಸವಣೂರಿನವನು, ಬಾಯಿ ತುಂಬ ಎಲೆ, ತಲೆ ತುಂಬ ಎಣ್ಣೆ. ಇಂಜಿನ್ನಿಗಿಂತ ಹೆಚ್ಚು ಸಪ್ಪಳ ಮಾಡುವ ಮನುಷ್ಯ. ಮುಂದಿನ ಸೀಟಿನಲ್ಲಿ ಸಾವಕಾರ. ಅವನ ಹಿಂದೆ ವೀಳ್ಯದೆಲೆಯ ಬುಟ್ಟಿ ಇಟ್ಟುಕೊಂಡು ಎಲೆ ಮಾರುವ ಒಬ್ಬ ಮುದುಕಿ. ಅವಳು ದಿನಾ ಸವಣೂರಿನಿಂದ ಹಾನಗಲ್ಲಿಗೆ ಎಲೆ ಒಯ್ಯುತ್ತಿದ್ದಳು.

ಅಪ್ಪ ಎದ್ದು ಕೈ ಮುಗಿದು, "ಗಾಲಿ ನಟ್ ಒಮ್ಮೆ ಬಿಗೀಬೇಕ್ರಿ ಸಾವಕಾರ್ರ," ಎಂದ.

"ಹಾನಗಲ್ಲದಾಗ ಬಿಗಿಸ್ತೇನಿ. ಹೊತ್ತಾಗೈತಿ," ಎಂದ ಸಾವಕಾರ. ಇಳಿಯಲೂ ಇಲ್ಲ. ಡ್ರೈವರ್ ಇದ್ದಲಿ ತಿರುವಿ, ಒಲೆಯ ಬಾಗಿಲು ಬಡಿದು ಮುಚ್ಚಿ, ಸೀಟಿಗೆ ಹತ್ತಿದ.

ನಮ್ಮ ಉಪಾಯ ಅಲ್ಲಿಗೆ ಮುಗಿಯಿತು. ಅಪ್ಪ ನನ್ನ ಕಡೆ ಮುಖ ಮಾಡಿ ನಿಂತ. ನಾನು ಏನು ಮಾಡುತ್ತೇನೆ ಎಂಬುದು ಅವನಿಗೆ ಕಾಣುತ್ತಿರಲಿಲ್ಲ. ನಾನು ಹೋಗಿ ಬಸ್ಸಿನ ಮೂಗಿನ ಮುಂದೆ ನಿಂತೆ.

"ಏ ತಂಗಿ, ಸರಿ! ಸಾಯಾಕ ಬ್ಯಾರೆ ಬಸ್ಸು ನೋಡ್ಕೊ, ಇದು ನಂದು," ಎಂದು ಡ್ರೈವರ್ ಕೂಗಿದ.

"ಬ್ರೇಕ್ ಎಷ್ಟ ಸಲ ಒತ್ತಿದ್ರ ಹಿಡೀತೈತಿ?"

"ಎರಡು."

"ಮುಂಜಾನೆ?"

"ಮುಂಜಾನೆ ಒಂದ. ಈಗ ಎರಡು. ನಾಳಿಗೆ ಮೂರು ಒತ್ತತೇನಿ, ನನ್ನ ಕಾಲು, ನಿನಗೇನು?"

ಎಲೆಯ ಮುದುಕಿ ಕಿಟಕಿಯಿಂದ ತಲೆ ಹಾಕಿದಳು. "ಗಂಡನ್ನ ಬಿಟ್ಟು ಬಂದಾಕಿ ಬಸ್ಸ್ ಹಿಡಕೊಂಡಾಳ ನೋಡ್ರೆವಾ! ನನ್ನ ಎಲಿ ಬಾಡತಾವ, ಅಕಿಗೆ ದಾರಿ ಬಿಡಾಕ ಹೇಳ್ರಿ."

"ನಿನ್ನ ಎಲಿ ಕೆರ್ಯಾಗ ಬಿದ್ರ ಬಾಡೂದಿಲ್ಲ ತಗೊ," ಎಂದೆ.

ಸಾವಕಾರ ಇಳಿದ. ನಾನು ಅಪ್ಪನ ಹತ್ತಿರ ಹೋಗಿ, ಅವನ ಅಂಗಿಯ ಜೇಬಿನಿಂದ ವಿಭೂತಿಯ ಚೀಲ ತೆಗೆದುಕೊಂಡೆ. ಸೋರುವುದನ್ನು ಹುಡುಕಲು ಅಪ್ಪ ಯಾವಾಗಲೂ ಹಾಗೆ ಮಾಡುತ್ತಿದ್ದ: ಜಾಯಿಂಟನ್ನು ಒರೆಸಿ ಒಣ ವಿಭೂತಿ ಸವರುವುದು, ಬ್ರೇಕು ಒತ್ತಿಸುವುದು. ಸೀರೆಯ ಕಚ್ಚೆ ಬಿಗಿದು ಬಸ್ಸಿನ ಕೆಳಗೆ ತೂರಿದೆ. ಹರಳೆಣ್ಣೆಯ ವಾಸನೆ ಮೊದಲೇ ಬಂತು. ಆಗ ಬ್ರೇಕಿಗೆ ಹರಳೆಣ್ಣೆಗೆ ಸ್ಪಿರಿಟ್ ಕೂಡಿಸಿ ಹಾಕುತ್ತಿದ್ದೆವು. ಬೇರೆ ಎಣ್ಣೆ ಹಾಕಿದರೆ ಒಳಗಿನ ರಬ್ಬರು ಉಬ್ಬಿ ಕೆಡುತ್ತದೆ. ಜಾಯಿಂಟು ಒರೆಸಿ ವಿಭೂತಿ ಸವರಿದೆ.

"ಒತ್ತು!"

ಬೆಳ್ಳಗಿದ್ದದ್ದು ನೋಡನೋಡುತ್ತ ಕಪ್ಪಾಗಿ, ತುದಿಯಲ್ಲಿ ಒಂದು ಹನಿ ನಿಂತಿತು. ಸಾವಕಾರ ಧೋತರ ಎತ್ತಿ ಹಿಡಿದು ಬಗ್ಗಿ ನೋಡಿದ.

"ಇದನ್ನ ಮುಂಜಾನೆ ರಿಪೇರಿ ಮಾಡಿದ್ರಲ್ಲ? ಯಾರ ಮಾಡಿದ್ದು?"

ಡ್ರೈವರ್ ಎಲೆ ಜಗಿಯುವುದನ್ನು ನಿಲ್ಲಿಸಿದ, ಅವನ ಜನ್ಮದಲ್ಲಿ ಅದೇ ಮೊದಲಿರಬೇಕು.

ನಾನು ಕೆಳಗಿನಿಂದ ಹೊರಗೆ ಬಂದು ಹೇಳಿದೆ: "ಅಪ್ಪ ಮಾಡ್ಯಾನ್ರಿ. ವಿಲಾಯತಿ ನಟ್ ಹಾಕ್ಯಾನ. ಅವಗ ಕಣ್ಣು ಕಾಣಂಗಿಲ್ಲ, ಒಂದು ವರ್ಷ ಆತು. ಎಳಿ ನೋಡಿ ಕೊಡಾಕಿ ನಾನು. ಸರಿ ನಟ್ಟನ್ನ ರೊಟ್ಟಿ ಹಲಗಿ ಮ್ಯಾಲೆ ಬಿಟ್ಟು ಊರಿಗೆ ಹೋದಾಕೀನೂ ನಾನ."

ಅಪ್ಪ ತಲೆಯ ರುಮಾಲು ತೆಗೆದು ಮುಖ ಒರೆಸಿಕೊಂಡ. ಸಾವಕಾರ ನನ್ನನ್ನೇ ನೋಡಿದ.

"ಒಂದು ವರ್ಷ ಕುರುಡನ ಕೈಯಾಗ ನನ್ನ ಬಸ್ಸು ಇಟ್ಟಿದ್ರೇನು?"

"ಅವನ ಕೈಯಾಗ ಅಲ್ರಿ. ನನ್ನ ಕಣ್ಣಾಗ. ನಾ ಇಲ್ದ ದಿನ ತಪ್ಪೇತಿ."

"ಹೆಂಗಸಿನ ಮಾತು ಕೇಳಿ ಬ್ರೇಕ್ ನಂಬಲೇನು?"

"ನಂಬಬ್ಯಾಡ್ರಿ. ನೋಡ್ರಿ."

ಮನೆಗೆ ಹೋಗಿ ಒಂದು ಹಿಡಿ ಹಿಟ್ಟು ಗಟ್ಟಿಯಾಗಿ ನಾದಿ ತಂದೆ. ಡಬ್ಬಿಯಿಂದ ಒಂದು ಏಳು ಗೆರೆಯದನ್ನು ಒತ್ತಿದೆ, ಅದರ ಮಗ್ಗುಲಿಗೆ ನನ್ನ ಒಂಬತ್ತು ಗೆರೆಯದನ್ನು ಒತ್ತಿದೆ. ಸಾವಕಾರ ಹಿಟ್ಟನ್ನು ಅಂಗೈಯಲ್ಲಿಟ್ಟುಕೊಂಡು ಬಿಸಿಲಿಗೆ ಹಿಡಿದು ಎಣಿಸಿದ. ಮತ್ತೊಮ್ಮೆ ಎಣಿಸಿದ. ಡ್ರೈವರನಿಗೆ ಕೊಟ್ಟು ಎಣಿಸು ಎಂದ. ಡ್ರೈವರ್, "ಹಿಂತಾ ರೊಟ್ಟಿ ನಾ ಎಲ್ಲೂ ಉಂಡಿಲ್ಲ," ಎನ್ನುತ್ತ ಎಣಿಸಿ, "ಹೌದ್ರಿ, ಕಮ್ಮಿ ಐತಿ" ಎಂದ.

"ಮಾಡು," ಎಂದ ಸಾವಕಾರ. "ನನ್ನ ಮುಂದ ಮಾಡು."

ನಳಿಗೆಯ ಆ ತುಂಡನ್ನು ಎರಡೂ ಕಡೆ ಬಿಚ್ಚಿ ತೆಗೆದೆ. ತಪ್ಪು ನಟ್ಟಿನ ಹಿತ್ತಾಳೆ ಎಳೆ ಕರಗಿದ ಬೆಲ್ಲದ ಹಾಗೆ ಆಗಿತ್ತು. ಅದನ್ನು ಕೂಡಿಸಿದ್ದ ತೂತು ಉಕ್ಕಿನದು, ಅದಕ್ಕೇನೂ ಆಗಿರಲಿಲ್ಲ. ಎಳೆಯಲ್ಲಿ ಸಿಕ್ಕ ಹಿತ್ತಾಳೆಯ ಚೂರನ್ನು ಸೂಜಿಯಿಂದ ತೆಗೆದು, ಸ್ಪಿರಿಟ್ಟಿನಲ್ಲಿ ಅದ್ದಿದ ಅರಿವೆಯಿಂದ ತೊಳೆದೆ. ನಿಜವಾದ ಚಿಂತೆ ಬೇರೆ ಇತ್ತು. ನಟ್ಟು ನಳಿಗೆಯಿಂದ ಹೊರಬರಬೇಕಾದರೆ ಅರಳಿಸಿದ ತುದಿಯನ್ನು ಕತ್ತರಿಸಬೇಕು. ಮುಂಜಾನೆ ಅಪ್ಪ ಒಮ್ಮೆ ಕತ್ತರಿಸಿದ್ದ. ಈಗ ಮತ್ತೊಮ್ಮೆ ಕತ್ತರಿಸಿದರೆ ನಳಿಗೆ ಗಿಡ್ಡಾಗಿ ಜಾಯಿಂಟಿಗೆ ಮುಟ್ಟದೆ ಹೋಗಬಹುದು. ಹೊಸ ನಳಿಗೆ ಹುಬ್ಬಳ್ಳಿಯಲ್ಲೂ ಇರಲಿಲ್ಲ. ನಳಿಗೆಗೆ ನಡುವೆ ಒಂದು ಸುರುಳಿ ಇತ್ತು. ಅದನ್ನು ಬಿಚ್ಚಿ ನೇರ ಮಾಡಿದರೆ ಒಂದು ಬೆರಳಿನಷ್ಟು ಸಿಗುತ್ತದೆ ಎಂದು ಅಂದಾಜು ಮಾಡಿ ಕತ್ತರಿಸಿದೆ. ಅಳೆದು ನೋಡಲಿಲ್ಲ. ಅಳೆದಿದ್ದರೆ ಧೈರ್ಯ ಹೋಗುತ್ತಿತ್ತು.

ಒಂಬತ್ತು ಗೆರೆಯ ನಟ್ಟನ್ನು ಪೋಣಿಸಿದೆ. ಇನ್ನು ಬಾಯಿ ಅರಳಿಸಬೇಕು. ಅದು ನನ್ನ ಕೈಯಲ್ಲಿ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ, ಒಂದು ಮಗ್ಗುಲು ಸೀಳುತ್ತಿತ್ತು. ಸುಳ್ಳು ಜಂಬ ಯಾಕೆ? ನಳಿಗೆಯನ್ನು ಅಪ್ಪನ ಕೈಯಲ್ಲಿಟ್ಟೆ.

"ಕುರುಡನ ಕಡೆ ಮತ್ತ ಯಾಕ ಕೊಡ್ತಿ?" ಎಂದ ಸಾವಕಾರ.

"ಇದು ಬೆರಳಿನ ಕೆಲಸರಿ. ಇದರಾಗ ಅವನ ಮುಂದ ಹುಬ್ಬಳ್ಳ್ಯಾವ ನಿಂದ್ರೂದಿಲ್ಲ."

ಡ್ರೈವರ್ ಬಸ್ಸಿನ ಒಲೆಯಿಂದಲೇ ಇಕ್ಕಳದಲ್ಲಿ ಕೆಂಡ ತೆಗೆದುಕೊಟ್ಟ. ಅಪ್ಪ ನಳಿಗೆಯ ತುದಿ ಕೆಂಪಗೆ ಕಾಯಿಸಿ ನೀರಲ್ಲಿ ಅದ್ದಿದ. ತಾಮ್ರವನ್ನು ಹಾಗೆ ಮೆತ್ತಗೆ ಮಾಡದಿದ್ದರೆ ಬಾಯಿ ಬಿರಿಯುತ್ತದೆ. ಅಚ್ಚಿನಲ್ಲಿ ಬಿಗಿದ. ಮೊಳೆ ಇಟ್ಟು ಸಣ್ಣ ಸಣ್ಣ ಪೆಟ್ಟು ಹಾಕುತ್ತ, ಪ್ರತಿ ಪೆಟ್ಟಿಗೂ ತಿರುಗಿಸುತ್ತ, ಹೆಬ್ಬೆರಳಿನಿಂದ ತಡವುತ್ತ ಹೋದ. ಬಸ್ಸಿನವರೆಲ್ಲ ಇಳಿದು ಸುತ್ತ ನಿಂತಿದ್ದರು. ಅಪ್ಪ ಅಚ್ಚು ಬಿಚ್ಚಿ ನನಗೆ ಕೊಟ್ಟ. ಉಮ್ಮತ್ತಿ ಹೂ ಸುತ್ತಲೂ ಒಂದೇ ಸಮ. ಒಂದು ಬಿರುಕಿಲ್ಲ.

ಕೆಳಗೆ ಹೋಗಿ ಕೂಡಿಸಿದೆ. ನಳಿಗೆ ಮುಟ್ಟಿತು. ಎಳೆದು ಹಿಡಿದ ಹಾಗೆ ಆಗಲಿಲ್ಲ, ಸರಿಯಾಗಿ ಮುಟ್ಟಿತು. ನಟ್ಟು ಬೆರಳಿನಿಂದಲೇ ತಿರುಗುತ್ತ ತಳದವರೆಗೆ ಹೋಯಿತು. ಸರಿಯಾದ ನಟ್ಟಿನ ಗುರುತು ಅದು: ಬೆರಳಿನಿಂದ ಪೂರ್ತಿ ಹೋಗಬೇಕು, ಪಾನಾ ಕೊನೆಯ ಅರ್ಧ ಸುತ್ತಿಗೆ ಮಾತ್ರ. ಆಮೇಲೆ ನಳಿಗೆಯೊಳಗೆ ಸೇರಿದ್ದ ಗಾಳಿ ತೆಗೆದೆವು. ಡ್ರೈವರ್ ಒತ್ತುವುದು, ನಾನು ಗಾಲಿಯ ಹತ್ತಿರದ ತಿರುಪು ಸಡಿಲಿಸಿ ಎಣ್ಣೆಯನ್ನು ಬಾಟಲಿಗೆ ಬಿಡುವುದು, ಗುಳ್ಳೆ ನಿಲ್ಲುವವರೆಗೆ. ಮತ್ತೆ ವಿಭೂತಿ ಸವರಿ ಇಪ್ಪತ್ತು ಸಲ ಒತ್ತಿಸಿದೆ. ಬೆಳ್ಳಗೇ ಉಳಿಯಿತು.

"ನೀವಿಬ್ರೂ ಬಸ್ಸ್ ಹತ್ರಿ," ಎಂದ ಸಾವಕಾರ. "ಮುಳುಗಿದ್ರ ಎಲ್ಲಾರೂ ಕೂಡೇ ಮುಳುಗೋಣು."

ಎಲೆಯ ಮುದುಕಿ ಬುಟ್ಟಿ ಸರಿಸಿ ನನಗೆ ಜಾಗ ಕೊಟ್ಟಳು. "ಅಲ್ಲವಾ, ಗಂಡಗೂ ಹಿಂಗ ಹಿಟ್ಟಿಗೆ ಒತ್ತಿ ನೋಡಿ ಬಿಟ್ಟು ಬಂದ್ಯೇನು?" ಎಂದಳು. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ.

ಏರಿ ಇಳಿಯುವ ಕಡೆ ಡ್ರೈವರ್ ಬೇಕೆಂದೇ ಜೋರು ಬಿಟ್ಟು, ತಿರುವಿನ ಮುಂದೆ ಒಂದೇ ಸಲ ಒತ್ತಿದ. ಬಸ್ಸು ನಿಂತಿತು. ಹಿಂದಿನವರ ತಲೆ ಮುಂದಿನ ಸೀಟಿಗೆ ಬಡಿಯಿತು. ಸಾವಕಾರ ಮುಂದೆ ನಡೆಸು ಎಂದು ಕೈ ಮಾಡಿದ.

ಹಾನಗಲ್ಲಿನಲ್ಲಿ ಇಳಿದ ಮೇಲೆ ಮಾತು ತೆಗೆದ. "ಕೆಲಸ ನಿಮ್ಮ ಶೆಡ್ಡಿನ್ಯಾಗ ಇರ್ಲಿ. ಆದ್ರ ಇನ್ನ ಮ್ಯಾಲೆ ಬ್ರೇಕ್ ಸರಿ ಐತಿ ಅಂತ ನೀ ಹೇಳಬೇಕು. ಮುದುಕ ಹೇಳಿದ್ರ ನಾ ಕೇಳೂದಿಲ್ಲ." ಆಮೇಲೆ ಅಪ್ಪನ ಕಡೆ ತಿರುಗಿದ. "ಈಕಿ ಇಲ್ದಾಗ ಮತ್ತೆಲ್ಲಿ ಕೈ ಹಾಕೀ?"

ಅಪ್ಪ ತಡ ಮಾಡಲಿಲ್ಲ. "ಹಿರೇಕೆರೂರ ಬಸ್ಸಿಗೆ ಹಾಕೇನ್ರಿ. ಹೋದ ತಿಂಗಳು. ಈಕಿ ಚಳಿ ಜ್ವರ ಬಂದು ಮಲಗಿದ್ಲು. ಮೂರು ಕಡೆ ಹಾಕೇನಿ. ಎಲ್ಲೆಲ್ಲಿ ಅಂತ ನೆಪ್ಪ ಐತಿ."

ಇದನ್ನು ನನಗೂ ಅವನು ಹೇಳಿರಲಿಲ್ಲ. ನಾನು ಬೈಯಲಿಲ್ಲ. ಬೈಯಲು ಆಮೇಲೆ ಬೇಕಾದಷ್ಟು ವರ್ಷ ಸಿಕ್ಕವು.

ಮರುದಿನ ನಸುಕಿನಲ್ಲೇ, ಸಾವಕಾರ ಹುಡುಕಿಸಿದ ಹಳೆಯ ಅಮೆರಿಕದ ನಟ್ಟುಗಳನ್ನು ಕಟ್ಟಿಕೊಂಡು, ಅವನು ಕೊಟ್ಟ ಮೋಟಾರಿನಲ್ಲಿ ಅಪ್ಪನನ್ನು ಕೂರಿಸಿಕೊಂಡು ಹಿರೇಕೆರೂರಿಗೆ ಹೋದೆ. ಬಸ್ಸು ಹೊರಡಲು ಜನ ಕಾಯುತ್ತಿದ್ದರು. ಅಪ್ಪ ಹೇಳಿದ ಮೂರೂ ಕಡೆ ಬಿಚ್ಚಿ ನೋಡಿದೆ. ಎರಡು ಸರಿ ಇದ್ದವು, ಒಂದು ಏಳು ಗೆರೆಯದು. ಹೊರಗೆ ತಲೆ ಹಾಕಿ, ಬಸ್ಸು ಮಧ್ಯಾಹ್ನದ ಮೇಲೆ ಹೊರಡುತ್ತದೆ, ಅವಸರ ಇದ್ದವರು ನಡೆದು ಹೋಗಬಹುದು ಎಂದು ಹೇಳಿದೆ. ಆಮೇಲೆ ಮತ್ತೆ ಕೆಳಗೆ ಹೋಗಿ, ಅಪ್ಪ ಕೈ ಹಾಕಿಲ್ಲ ಎಂದ ಜಾಯಿಂಟುಗಳನ್ನೂ ಒಂದೊಂದಾಗಿ ಬಿಚ್ಚಿದೆ.